ಎರಡನೇ ಸೀಟು

ವಾರಿಜ ಕಾರಿನೊಳಗೆ ಎರಡು ಬೆರಳು ತೂರಿಸಿದರು. ಮೂರನೆಯದು ಹೋಗಲಿಲ್ಲ.

“ಸೀಟು ಒಂದೇ?”

“ರೇಸಿನ ಕಾರು ಅಲ್ವಾ ವಾರಿಜಕ್ಕ,” ಎಂದ ಧನರಾಜ್. “ಅದಕ್ಕೆ ಒಂದೇ ಇರುವುದು.”

“ಹಾಗಾದ್ರೆ ನನ್ನ ಮಗಳು ಎಲ್ಲಿ ಕೂರುವುದು? ಬಾನೆಟ್ಟಿನ ಮೇಲೆಯಾ?”

ಸಿದ್ಧಕಟ್ಟೆಯ ಆ ಮನೆಯ ಚಾವಡಿಯಲ್ಲಿ ಯಾರೂ ನಗಲಿಲ್ಲ. ಧನರಾಜನ ತಾಯಿ ರಾಜೀವಿ ಚಹಾದ ಲೋಟ ಹಿಡಿದವರು ಹಾಗೆಯೇ ನಿಂತರು. ಇಷ್ಟು ಹೊತ್ತು ಎಲ್ಲ ಸರಿಯಾಗಿಯೇ ಹೋಗಿತ್ತು. ಅವರ ದೊಡ್ಡ ಮಗ ಶೋಧನ್‌ಗೆ ನೆರಿಯದ ವಾರಿಜರ ಮಗಳು ವಿಸ್ಮಿತಾ. ಪ್ರಾಯ ಹೊಂದಿತ್ತು. ಬರಿ, ಅಂದರೆ ತಾಯಿ ಕಡೆಯ ಗೋತ್ರ, ಅದೂ ಬೇರೆ ಬೇರೆ. ಶೋಧನ್‌ಗೆ ಹಿಂದೆ ನೋಡಿದ್ದ ಸಂಬಂಧ ಮುರಿದದ್ದು ಅಲ್ಲಿಯೇ: ಇಬ್ಬರದ್ದೂ ಒಂದೇ ಬರಿ, ಅಣ್ಣ ತಂಗಿಯಾಗಬೇಕು ಎಂದು.

“ನಮ್ಮ ಹುಡುಗ ಒಂದು ದಿನ ಎದುರು ಮಾತಾಡಿದವನಲ್ಲ,” ಎಂದು ರಾಜೀವಿ ಹೇಳಿದ್ದರು.

“ನಮ್ಮವಳೂ ಅಷ್ಟೇ. ಒಂದು ಸೀರೆ ಬೇಕೆಂದು ಕೇಳಿದವಳಲ್ಲ,” ಎಂದು ವಾರಿಜ.

“ಈ ಕಾಲದಲ್ಲಿ ಇಂಥ ಜೋಡಿ ಸಿಗ್ಲಿಕ್ಕಿಲ್ಲ,” ಎಂದು ವಾರಿಜರ ಗಂಡ ನೋಣಯ್ಯ ತೀರ್ಪು ಕೊಟ್ಟಾಗಿತ್ತು. ಆಮೇಲೆ ರಾಜೀವಿ ಹೆಮ್ಮೆಯಿಂದ ಕಾರು ತಂದು ಮೇಜಿನ ಮೇಲಿಟ್ಟಿದ್ದರು. ಮದುವೆಯ ದಿನ ಅದು ಮದುಮಗನ ಮಣೆಯ ಪಕ್ಕದಲ್ಲಿ ಇರಬೇಕಂತೆ.

ಒಂದು ಗೇಣು ಉದ್ದದ ಕೆಂಪು ಕಾರು. ತೊಂಬತ್ತು ವರ್ಷಗಳ ಹಿಂದೆ ಎಲ್ಲೋ ಪರದೇಶದಲ್ಲಿ ಓಡುತ್ತಿದ್ದದ್ದರ ಹದಿನಾರನೇ ಒಂದು ಪಾಲು. ಧನರಾಜ್ ಮೂಡುಬಿದಿರೆಯಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಚಕ್ರದ ಕಡ್ಡಿಗಳು ಹಲ್ಲಿನ ಕ್ಲಿಪ್ಪಿನ ತಂತಿಯವು. ಟಯರು ರಬ್ಬರ್ ಶೀಟಿನದ್ದು, ಮುಂದಿನ ಜಾಲರಿ ಚಹಾ ಸೋಸುವ ಜರಡಿಯದ್ದು. ಬಾನೆಟ್ ಎತ್ತಿದರೆ ಒಳಗೆ ಇಡೀ ಎಂಜಿನ್. ಸೀಟಿಗೆ ರಾಜೀವಿಯ ಹಳೆಯ ಪರ್ಸಿನ ಚರ್ಮ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಪ್ಪುವಂತಿರಲಿಲ್ಲ. ಧನರಾಜ್ ಹುಟ್ಟುವ ಮೊದಲೇ ಶೋಧನ್ ಈ ಕಾರಿಗೆ ಮರುಳಾಗಿದ್ದ. ಹಳೆಯ ಕ್ಯಾಲೆಂಡರಿನ ಚಿತ್ರ ಅದು. ರಾಜೀವಿ ಇವತ್ತಿಗೂ ಅದನ್ನು ಕಪಾಟಿನಲ್ಲಿಟ್ಟಿದ್ದರು. ಅಣ್ಣನ ಒಂದೇ ಒಂದು ಆಸೆ ಎಂದು ತಮ್ಮ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದ.

“ನಿಜವಾದ ಕಾರಿನಲ್ಲಿಯೂ ಒಂದೇ ಸೀಟು ವಾರಿಜಕ್ಕ.”

“ನಿಜವಾದದ್ದು ಮದುವೆಗೆ ಬರ್ಲಿಕ್ಕುಂಟಾ? ಬರುವುದು ಇದೇ ಅಲ್ವಾ?”

“ಶಕುನ ಸರಿಯಿಲ್ಲ ಮಾರಾಯ,” ಎಂದು ನೋಣಯ್ಯ ಎದ್ದರು. “ಎರಡು ಸೀಟು ಆದ ಮೇಲೆ ಹೇಳಿ. ಮಾತಾಡುವ.”

ಧನರಾಜನಿಗೆ ಅವರನ್ನು ಕಳೆದುಕೊಳ್ಳುವ ಹಾಗಿರಲಿಲ್ಲ. ಅಣ್ಣನದ್ದು ಆಗದೆ ತಮ್ಮನದ್ದು ಕೂಡದು ಎಂದು ಜೋಯಿಸರು ಹೇಳಿಬಿಟ್ಟಿದ್ದರು. ಅವನು ಮದುವೆಯಾಗಬೇಕಾದ ಹರ್ಷಿತಾಳ ಮನೆಯವರೂ ಅದನ್ನೇ ಹಿಡಿದು ಕೂತಿದ್ದರು. ಈ ನಡುವೆ ಕಲ್ಲಡ್ಕದ ಹೋಟೆಲಿನವರ ಮಗನೊಬ್ಬ ಅವಳನ್ನು ಕೇಳಿಕೊಂಡು ಬಂದಿದ್ದ. ಅವನಿಗೆ ಅಣ್ಣನೇ ಇರಲಿಲ್ಲ.

“ಕೊಯ್ದು ಅಗಲ ಮಾಡು,” ಎಂದಳು ಹರ್ಷಿತಾ ಫೋನಿನಲ್ಲಿ.

“ಅಳತೆ ಹೋಗ್ತದೆ.”

“ನಾನು ಹೋದ್ರೆ ಅಡ್ಡಿಯಿಲ್ಲವಾ?”

ಧನರಾಜ್ ಸಣ್ಣ ಗರಗಸ ಹುಡುಕತೊಡಗಿದ.

“ಮತ್ತೆ ಒಂದು ವಿಷಯ,” ಎಂದಳು. “ಒಂದೇ ಸೀಟಿನ ಕಾರಿಗೆ ನಾನಾದರೂ ಒಪ್ಪುತ್ತಿರಲಿಲ್ಲ.”

ಅವನು ಕಾರನ್ನು ಮೂತಿಯಿಂದ ಬಾಲದವರೆಗೆ ಸೀಳಿದ. ಇನ್ನೂ ಹಳೆಯ ಕಾಲದಲ್ಲಿ ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಕೂರುತ್ತಿದ್ದನಂತೆ. ಆ ಸಮಾಧಾನದಲ್ಲಿ ನಡುವೆ ಪಟ್ಟಿ ಸೇರಿಸಿದ, ಜರಡಿ ಹೊಸದು ಹಾಕಿದ, ಎರಡನೇ ಸೀಟು ಕೂರಿಸಿದ, ಮತ್ತೆ ಕೆಂಪು ಬಳಿದ. ಓಟಗಾರನ ಹಾಗೆ ತೆಳ್ಳಗಿದ್ದ ಕಾರು ಈಗ ಮದುವೆಯೂಟ ಮುಗಿಸಿ ಎದ್ದವರ ಹಾಗೆ ಕಂಡಿತು. ಅವನು ಎರಡು ದಿನ ಅದರ ಮುಖ ನೋಡಲಿಲ್ಲ.

ತಾಯಿ ಮಗ ಅದನ್ನು ಮಿಕ್ಸಿಯ ಪೆಟ್ಟಿಗೆಯಲ್ಲಿಟ್ಟುಕೊಂಡು, ಬೆಳ್ತಂಗಡಿಯಲ್ಲಿ ಬಸ್ ಬದಲಿಸಿ ನೆರಿಯಕ್ಕೆ ಹೋದರು. ಪೆಟ್ಟಿಗೆ ರಾಜೀವಿಯ ಮಡಿಲಲ್ಲಿತ್ತು.

“ಮೇಲೆ ಇಡಿ ಅಮ್ಮ, ಮಿಕ್ಸಿಗೆ ಏನಾಗ್ತದೆ?” ಎಂದ ಕಂಡಕ್ಟರ್.

“ದೊಡ್ಡ ಮಗನದ್ದು,” ಎಂದರು ರಾಜೀವಿ. ಕಂಡಕ್ಟರಿಗೆ ಅರ್ಥವಾಗಲಿಲ್ಲ. ಅವರು ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ನೆರಿಯದ ಮನೆಯಲ್ಲಿ ವಾರಿಜ ಒಂದು ಸೀಟಿಗೆ ಎರಡು ಬೆರಳು ಇಟ್ಟರು, ಇನ್ನೊಂದಕ್ಕೆ ಎರಡು. ಹಾಗೆಯೇ ಸ್ವಲ್ಪ ಹೊತ್ತು ಕೂತರು.

“ಆರಾಮ ಕೂತಾಳು.”

“ಹಾಗಾದ್ರೆ ಆಟಿ ತಿಂಗಳಲ್ಲೇ ಮುಗಿಸುವ,” ಎಂದರು ನೋಣಯ್ಯ. “ತಮ್ಮನದ್ದು ಬೇಕಾದ್ರೆ ಅದರ ಮರುತಿಂಗಳು, ಸೋಣದಲ್ಲಿ ಇಟ್ಟುಕೊಳ್ಳಿ.”

ಧನರಾಜನ ಎದೆ ಹಗುರಾಯಿತು. ಆದರೂ ಹೆದರಿಕೆ. ಮತ್ತೇನಾದರೂ ಕುಂದು ಕಂಡು ಇವರು ಇನ್ನೊಮ್ಮೆ ಎದ್ದುಬಿಟ್ಟರೆ? ಅವನು ಕಿಸೆಯಿಂದ ಎರಡು ಪುಟ್ಟ ಪಟ್ಟಿಗಳನ್ನು ತೆಗೆದು ವಾರಿಜರ ಅಂಗೈಯಲ್ಲಿಟ್ಟ. ಕಪ್ಪು ರಿಬ್ಬನ್, ತಂತಿಯ ಬಕಲು.

“ಸೀಟ್ ಬೆಲ್ಟ್. ಆ ಕಾಲದ ಕಾರಿಗೆ ಇರ್ಲಿಲ್ಲ. ಆದ್ರೆ ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ, ಜೋರಾಗಿ ಓಡುವ ಗಾಡಿ. ನೀವು ಹೂಂ ಅಂದ್ರೆ ಇಬ್ಬರಿಗೂ ಈಗಲೇ ಹಾಕಿಕೊಡ್ತೇನೆ.”

ವಾರಿಜ ಪಟ್ಟಿಗಳನ್ನು ಬೆರಳಲ್ಲಿ ಒಮ್ಮೆ ತಿರುವಿ ನೋಡಿ ಅವನ ಕೈಗೇ ಹಿಂದೆ ಕೊಟ್ಟರು.

“ಬೇಡ. ನಿನ್ನ ಅಣ್ಣ ನಾಲ್ಕು ವರ್ಷಕ್ಕೆ ಸತ್ತ, ನನ್ನ ಮಗಳು ತೊಟ್ಟಿಲಲ್ಲೇ ಸತ್ತಳು. ಈ ಮದುವೆ ಕುಲೆಗಳದ್ದು. ಸತ್ತವರಿಗೆ ಇನ್ನು ಎಂಥ ಆಗ್ಲಿಕ್ಕುಂಟು ಮಾರಾಯ? ಜೋರಾಗಿಯೇ ಹೋಗ್ಲಿ.”