ಬೆಳೆಯುವ ಚಿತ್ರ

ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದ ಮಗಳ ಹುಟ್ಟುಹಬ್ಬ ಬಂದರೆ ಸಾಕು, ನೀಲವ್ವ ಅವಳ ಚಿತ್ರವನ್ನು ಡ್ರಾಯಿಂಗ್ ಮಾಸ್ತರರ ಮನೆಗೆ ತಂದಿಟ್ಟು ಹೋಗುತ್ತಿದ್ದಳು. ಮಾಸ್ತರರು ಹಳೆಯ ಮುಖದ ಮೇಲೆಯೇ ಅಕ್ರಿಲಿಕ್ ಬಣ್ಣ ಬಳಿದು, ಹುಡುಗಿಯನ್ನು ಒಂದು ವರ್ಷ ದೊಡ್ಡವಳನ್ನಾಗಿ ಮಾಡಿಕೊಡುತ್ತಿದ್ದರು.

ಈ ಸಲವೂ ದುಂಡು ಗಲ್ಲ ಇಳಿಸಿದರು, ಜಡೆ ಉದ್ದ ಮಾಡಿದರು. ಬಣ್ಣ ಒಣಗಿದ್ದೇ ತಡ, ಹೋದ ವರ್ಷದ ಮುಖವೇ ಮೇಲೆದ್ದು ಬಂತು. ಬೆವರುತ್ತ ಮತ್ತೆ ದಪ್ಪಗೆ ಬಳಿದರು. ಮತ್ತೆ ಅದೇ ಮುಖ ಅವರನ್ನೇ ನೋಡುತ್ತಿತ್ತು.

ಸಂಜೆ ನೀಲವ್ವ ಬಂದಳು.

“ಯಾಕ್ರಿ ಮಾಸ್ತರ, ಈ ವರ್ಷ ಈಕಿ ಬೆಳದೇ ಇಲ್ಲಲ್ಲ?”

“ಎಷ್ಟು ಬರದರೂ ಬೆಳೀವಲ್ಲಳು, ನೀಲವ್ವಾ.”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಆ ಮುಖ ಮುಚ್ಚಿದಳು.

“ಹಂಗಾದ್ರ, ಹೋದ ವರ್ಷದ ತನಕ ನನ್ನ ಮಗಳು ಇದ್ಳ್ರಿ.”