ತಂತಿಗೆ ಎಷ್ಟು ಹತ್ತಿರ

"ಬೇಕಂತಲೇ ಹೀಗೆ ಕೂರಿಸಿದೀಯಾ, ಅಪ್ಪ?" ಡೆಸ್ಪಿನಾ ಮತ್ತೆ ಮೀಟಿದಳು. ಮೆಟಲ್ ಸಂಗೀತ ನುಡಿಸುವ ಅವಳ ಗಿಟಾರು ಗುಡುಗುವ ಬದಲು ನೆಗಡಿಯಾದವನಂತೆ ಗೊಣಗಿತು. ಅಂದು ಸಂಜೆ ವೋಲೋಸ್ ಊರಿನ ಬಂದರಿನಲ್ಲಿ ಅವಳ ತಂಡದ ಮೊದಲ ಕಾರ್ಯಕ್ರಮವಿತ್ತು.

ತಂತಿಗಳ ಕೆಳಗೆ ಕೂತು ಅವುಗಳ ಕಂಪನ ಹಿಡಿಯುವ ಪಿಕಪ್ಪನ್ನು ಪರಾಸ್ಕೆವಾಸ್ ತಾನೇ ಕೈಯಾರೆ ಮಾಡಿದ್ದ; ಅದನ್ನು ಮಗಳ ಹಟಕ್ಕೆ ಕಿತ್ತು, ಬ್ಯಾಟರಿಯಿಂದ ನಡೆಯುವ ಅಂಗಡಿಯ ಪಿಕಪ್ಪನ್ನು ಈಗಷ್ಟೇ ಕೂರಿಸಿದ್ದ. "ಬ್ಯಾಟರಿ ಗಿಟಾರು ಅಂದ್ರೆ ಇಷ್ಟೇ ಕಣೆ. ನಾಳೆ ಕೀ ಕೊಟ್ರೆ ಕುಣಿಯುತ್ತೆ," ಎಂದು ಆಟಿಕೆ ಕೋತಿಯಂತೆ ಚಪ್ಪಾಳೆ ತಟ್ಟಿ ತೋರಿಸಿದ.

ಅವಳು ನಗಲಿಲ್ಲ. "ತಂತಿಯಿಂದ ಇಷ್ಟು ಕೆಳಗ್ಯಾಕೆ ಇಟ್ಟೆ?"

"ಹತ್ತಿರ ತಂದ್ರೆ ಅಯಸ್ಕಾಂತ ತಂತೀನ ಎಳೆಯುತ್ತೆ, ಶ್ರುತಿ ಕೆಡುತ್ತೆ. ಯಾವತ್ತೂ ಹೀಗೇ ಇಟ್ಟಿರೋದು."

"ಅದು ನಿನ್ನ ಪಿಕಪ್ಪಿಗೆ. ಇದರ ಅಯಸ್ಕಾಂತಕ್ಕೆ ಅಷ್ಟು ಜೋರಿಲ್ಲ. ದನಿ ಎತ್ತೋದು ಬ್ಯಾಟರಿ ಕೆಲಸ."

ಅವನ ಮುಖದ ತುಂಟತನ ಇಳಿಯಿತು. ಯಾರಿಗೂ ಮುಟ್ಟಗೊಡದ ತನ್ನ ಸ್ಕ್ರೂಡ್ರೈವರನ್ನು ಮೆಲ್ಲಗೆ ಅವಳತ್ತ ಚಾಚಿದ. ಅವಳು ತಿರುಪು ತಿರುಗಿಸಿ ಪಿಕಪ್ಪನ್ನು ಮೇಲೆತ್ತಿ, ದಪ್ಪ ತಂತಿಯನ್ನು ಮೀಟಿದಳು. ಕಪಾಟಿನ ಗಾಜು ನಡುಗಿತು. ತಂತಿಗಳ ಮೇಲೆ ಅಂಗೈ ಒತ್ತಿದೊಡನೆ ಸದ್ದು ಕತ್ತರಿಸಿದಂತೆ ನಿಂತಿತು.

ಪರಾಸ್ಕೆವಾಸ್ ಬಗ್ಗಿ, ತಂತಿಗೂ ಪಿಕಪ್ಪಿಗೂ ನಡುವಿನ ಸಂದಿಗೆ ಕಣ್ಣು ಹಚ್ಚಿ ಹೇಳಿದ: "ದಪ್ಪ ತಂತಿ ಕಡೆ ಇನ್ನೂ ಅರ್ಧ ಸುತ್ತು ಏರಿಸು."