ಕೇಳಿದಾಗೆಲ್ಲ ಕಷಾಯ

ತೂಕದ ಯಂತ್ರದ ಮೇಲೆ ನಿಂತ ಬಡಗಿಯ ತೂಕ ಈ ಸಲವೂ ಏರಿತ್ತು. ಡಯಾಲಿಸಿಸ್ ಕೋಣೆಯ ನರ್ಸ್ ಹಣೆ ಚಚ್ಚಿಕೊಂಡಳು. "ಮತ್ತೆ ನೀರು ಕುಡಿದ್ರಾ? ಮೈಯೆಲ್ಲ ಊದಿಕೊಂಡಿದೆ. ಹೀಗೇ ಮಾಡಿದ್ರೆ ಒಂದಿನ ಉಸಿರೇ ಸಿಗಲ್ಲ, ನೋಡಿ."

"ತೊಟ್ಟು ನೀರೂ ಕೊಟ್ಟಿಲ್ಲಮ್ಮಾ," ಎಂದು ಅವನ ಅಕ್ಕ ಸೊಂಟದ ಬೀಗದಕೈ ತೋರಿಸಿದಳು. "ಅಡುಗೆಮನೆಗೇ ಬೀಗ ಹಾಕಿದೀನಿ. ಕೇಳಿದಾಗೆಲ್ಲ ಬರೀ ಬೇರಿನ ಕಷಾಯ ಕೊಡ್ತೀನಿ."

ನರ್ಸ್ ಅವಳ ಚೀಲದಿಂದ ಫ್ಲಾಸ್ಕ್ ಎಳೆದು ಮುಚ್ಚಳ ತೆಗೆದಳು. ಕಹಿ ಘಾಟು ಮೂಗಿಗೆ ಬಡಿಯಿತು. "ಇದು ನೀರಲ್ವೇನ್ರೀ?"

"ಔಷಧಿ ಹೇಗೆ ನೀರಾಗುತ್ತೆ? ಕಿಡ್ನಿ ತೊಳೆಯುತ್ತಂತೆ, ನಾನೇ ಗುಡ್ಡ ಹತ್ತಿ ಕಿತ್ಕೊಂಡು ಬರ್ತೀನಿ. ಇವನಿಗೂ ಅದರ ಮೇಲೆ ಎಷ್ಟು ನಂಬಿಕೆ ಅಂತೀರಿ! ಕೇಳಿ ಕೇಳಿ ಕುಡೀತಾನೆ."

"ಕಂಡ ಕಂಡ ಬೇರು ಬೇಡ, ರಕ್ತಕ್ಕೆ ವಿಷ ಸೇರುತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ!" ಎಂದು ರೇಗಿದ ನರ್ಸ್ ಫ್ಲಾಸ್ಕನ್ನು ಸಿಂಕಿಗೆ ಬಗ್ಗಿಸಿದಳು. ಬಡಗಿ ತೂಕದ ಯಂತ್ರದಿಂದ ಧಡಕ್ಕನೆ ಇಳಿದು ಬಂದು ಅವಳ ಮಣಿಕಟ್ಟು ಹಿಡಿದ. ಅವನ ತುಟಿಗಳು ಒಣಗಿ ಬಿರಿದಿದ್ದವು.

"ಚೆಲ್ಲಬೇಡಮ್ಮಾ. ಬೇರನ್ನ ನಾನೆಲ್ಲಿ ನಂಬಿದೀನಿ? ಮನೇಲಿ ಗಂಟಲಿಗೆ ತೇವ ಅಂತ ಸಿಗೋದು ಅದೊಂದೇ."

ಅಕ್ಕನ ಕೈ ಬೀಗದಕೈಯ ಮೇಲೇ ನಿಂತುಬಿಟ್ಟಿತು.